ಚಿಕ್ಕಮ್ಮನ ಜೇಬಿಗೆ ಬರುವ ಕರೆ

ನಮ್ಮ ಚಿಕ್ಕಮ್ಮನಿಗೆ ಕಿವಿ ಕೇಳಿಸುವುದಿಲ್ಲ. ಚಿಕ್ಕಂದಿನಲ್ಲಿ ಬಂದ ಜ್ವರ ಎರಡು ಕಿವಿಗಳನ್ನೂ ಕಿತ್ತುಕೊಂಡು ಹೋಯಿತು, ಮಾತನ್ನು ಮಾತ್ರ ಬಿಟ್ಟಿತು. ಎದುರಿಗಿರುವವರ ತುಟಿ ನೋಡಿ ಅವರು ಹೇಳಿದ್ದನ್ನು ತಿಳಿದುಕೊಳ್ಳುತ್ತಾಳೆ. ಅವಳ ಉತ್ತರ ಮಾತ್ರ ಬೀದಿಗೆಲ್ಲ ಕೇಳುತ್ತದೆ.

ಅವಳದು ಹೊಲಿಗೆ ಕೆಲಸ. ಕಿಟಕಿ ಪರದೆ, ದಿಂಬಿನ ಚೀಲ, ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಮುಂದಿನ ಕೋಣೆಯಲ್ಲಿ ಮಿಷನ್ನು, ಒಳಗಿನ ಕೋಣೆಯಲ್ಲಿ ಅಜ್ಜಿ. ಸೊಂಟದ ಮೂಳೆ ಮುರಿದು ಕೂಡಿಕೊಂಡ ಮೇಲೆ ಅಜ್ಜಿ ಒಬ್ಬಳೇ ಎದ್ದು ನಡೆಯುವ ಹಾಗಿಲ್ಲ. ಕೂಗಿದರೆ ಮಗಳಿಗೆ ಕೇಳದು. ಅದಕ್ಕೇ ಇಬ್ಬರೂ ಒಂದು ಏರ್ಪಾಡು ಮಾಡಿಕೊಂಡಿದ್ದರು. ಅಜ್ಜಿ ಹಾಸಿಗೆಯಿಂದ ತನ್ನ ಕೀಪ್ಯಾಡ್ ಫೋನಿನಲ್ಲಿ ಮಿಸ್ ಕಾಲ್ ಕೊಡುತ್ತಾಳೆ, ಚಿಕ್ಕಮ್ಮನ ಮೇಲಂಗಿಯ ಜೇಬಿನಲ್ಲಿರುವ ಸ್ಮಾರ್ಟ್‌ಫೋನು ನಡುಗುತ್ತದೆ, ಚಿಕ್ಕಮ್ಮ ಎದ್ದು ಒಳಗೆ ಹೋಗುತ್ತಾಳೆ. ಫೋನು ಒಂದು ಸಲ ಬಡಿದುಕೊಂಡ ಕೂಡಲೇ ಅಜ್ಜಿ ಕತ್ತರಿಸಿಬಿಡುತ್ತಾಳೆ. "ಹೆಚ್ಚು ಹೊತ್ತು ಹಿಡಿದರೆ ದುಡ್ಡು ಹೋಗುತ್ತೆ" ಎಂದು ಅವಳ ನಂಬಿಕೆ.

ಚಿಕ್ಕಮ್ಮ ನೂಲು, ಗುಂಡಿ ತರಿಸಲು ಒಂದು ಅಂಗಡಿಯ ಆಪ್ ಹಾಕಿಕೊಂಡಾಗ ತೊಂದರೆ ಶುರುವಾಯಿತು. ಆಮೇಲೆ ಟಾರ್ಚಿನದೊಂದು, ಬಣ್ಣದ ಗೋಲಿ ಒಡೆಯುವ ಆಟದ್ದೊಂದು ಬಂದವು. ಪ್ರತಿಯೊಂದೂ ಮೊದಲು ಸೂಚನೆ ಕಳಿಸಲು ಅಪ್ಪಣೆ ಕೇಳಿತು. ಚಿಕ್ಕಮ್ಮ ಎಲ್ಲಕ್ಕೂ 'ಅನುಮತಿಸಿ' ಒತ್ತಿದಳು.

"ಅಷ್ಟು ಮರ್ಯಾದೆಯಾಗಿ ಕೇಳ್ತಾವೆ, ಮುಖಕ್ಕೆ ಹೊಡೆದ ಹಾಗೆ ಬೇಡ ಅನ್ನೋಕಾಗುತ್ತಾ?" ಅಂದಳು.

ಜೇಬು ದಿನವಿಡೀ ನಡುಗತೊಡಗಿತು. ಪ್ರತಿ ಸಲವೂ ಅವಳು ಸೂಜಿಯನ್ನು ಬಟ್ಟೆಯಲ್ಲೇ ಬಿಟ್ಟು ಒಳಗೆ ಓಡುತ್ತಿದ್ದಳು. ಅಜ್ಜಿ ಗೊರಕೆ ಹೊಡೆಯುತ್ತಿರುತ್ತಿದ್ದಳು. ಫೋನು ತೆಗೆದು ನೋಡಿದರೆ ಚಪ್ಪಲಿಗೆ ಅರ್ಧ ಬೆಲೆ! ಹೀಗೆ ಓಡಿ ಓಡಿ ಸಾಕಾಗಿ, ಒಂದು ಮಧ್ಯಾಹ್ನ ನಡುಗಿದರೂ ಅವಳು ಏಳಲಿಲ್ಲ. ಅದು ಅಜ್ಜಿಯದೇ ಕರೆಯಾಗಿತ್ತು. ಕಾದು ಕಾದು ತಾನೇ ಬಚ್ಚಲಿಗೆ ಹೊರಟ ಅಜ್ಜಿ ಹೊಸಿಲ ಹತ್ತಿರ ಕುಸಿದು ಕುಳಿತಳು. ಪುಣ್ಯಕ್ಕೆ ಮೊಣಕಾಲು ಊದಿಕೊಂಡಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ವಿಷಯ ದೊಡ್ಡಮಾವನ ಕಿವಿಗೆ ಬಿತ್ತು. ಅವನು ಅಜ್ಜಿಯ ಹಿರಿಯ ಮಗ, ಬೇರೆ ಊರಿನಲ್ಲಿದ್ದಾನೆ. ಭಾನುವಾರ ಕಾರು ತಂದು ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ ಎಂದು ಹೇಳಿ ಕಳಿಸಿದ. ಅಜ್ಜಿಯ ಮುಖ ಸಣ್ಣಗಾಯಿತು. ಅವನ ಮನೆಯಲ್ಲಿ ಬೆಳಗ್ಗೆ ಎಲ್ಲರೂ ಕೆಲಸಕ್ಕೆ ಹೋದರೆ ಸಂಜೆಯವರೆಗೆ ಟೀವಿಯೇ ಗತಿ. ಇಲ್ಲಾದರೆ ಕಿಟಕಿಯಿಂದ ಬೀದಿ ಕಾಣುತ್ತದೆ, ಬಟ್ಟೆ ಕೊಡಲು ಬಂದವರೆಲ್ಲ ಒಳಗೆ ಬಂದು ಮಾತಾಡಿಸಿ ಹೋಗುತ್ತಾರೆ.

ಚಿಕ್ಕಮ್ಮ ಫೋನನ್ನು ಮೊಬೈಲ್ ಅಂಗಡಿಗೆ ಒಯ್ದಳು. ಅಂಗಡಿಯವನು ಚಂದ್ರನ ಗುರುತೊಂದನ್ನು ಒತ್ತಿ, "ಇನ್ನು ಒಂದೂ ಬರಲ್ಲ ಅಕ್ಕಾ" ಅಂದ. ನಿಜಕ್ಕೂ ಒಂದೂ ಬರಲಿಲ್ಲ. ಮಾರನೆಯ ಬೆಳಗ್ಗೆ ಅವಳು ಎಷ್ಟೋ ದಿನಗಳ ಮೇಲೆ ನೆಮ್ಮದಿಯಾಗಿ ಹೊಲಿಯುತ್ತಿದ್ದಾಗ ಒಳಗಿನಿಂದ ಒಂದು ಚಪ್ಪಲಿ ಹಾರಿಬಂದು ಮಿಷನ್ನಿನ ಪಕ್ಕ ಬಿತ್ತು. ಓಡಿ ಹೋದಳು. ಅಜ್ಜಿಯ ಕೈಯಲ್ಲಿ ಎರಡನೆಯದು ಸಿದ್ಧವಾಗಿತ್ತು.

"ಎಷ್ಟು ಸಲ ಒತ್ತಲಿ? ಬೆರಳು ಸವೆದುಹೋಯ್ತು!"

ಚಂದ್ರನ ಗುರುತು ಅಂಗಡಿಗಳ ಜೊತೆ ಅಜ್ಜಿಯ ಬಾಯನ್ನೂ ಮುಚ್ಚಿಸಿತ್ತು.

ಚಿಕ್ಕಮ್ಮ ಆ ಗುರುತನ್ನು ತೆಗೆದಳು. ಆಮೇಲೆ ತಪ್ಪು ಹೊಲಿಗೆ ಬಿಚ್ಚುವ ಹಾಗೆ ಕೆಲಸಕ್ಕೆ ಕುಳಿತಳು. ಹೊಲಿಗೆಯನ್ನು ಒಂದೇ ಏಟಿಗೆ ಎಳೆದರೆ ಬಟ್ಟೆ ಹರಿಯುತ್ತದೆ, ಒಂದೊಂದೇ ದಾರ ಕತ್ತರಿಸಬೇಕು. ಜಾಹೀರಾತು ಬರಲಿ ಎಂದು ಕಾದಳು. ಬಂದ ತಕ್ಷಣ ಅದರ ಮೇಲೆಯೇ ಬೆರಳು ಒತ್ತಿ ಹಿಡಿದಳು. ಅದು ಯಾವ ಆಪಿನದು ಎಂದು ಫೋನೇ ತೋರಿಸಿತು, ನಿಲ್ಲಿಸುವ ದಾರಿಯನ್ನೂ ಅಲ್ಲೇ ಕೊಟ್ಟಿತು. ಆಟವನ್ನು ಇಟ್ಟುಕೊಂಡು ಅದರ ಬಾಯಿ ಮುಚ್ಚಿದಳು. ಟಾರ್ಚ್ ಫೋನಿನಲ್ಲಿ ಮೊದಲೇ ಇತ್ತು, ಹಾಗಾಗಿ ಆ ಆಪನ್ನು ಪೂರ್ತಿ ಕಿತ್ತುಹಾಕಿದಳು. ನೂಲಿನ ಅಂಗಡಿಯದನ್ನು ನಿಲ್ಲಿಸುವ ಮುಂಚೆ ಯೋಚಿಸಿದಳು, ಸಾಮಾನು ಹೊರಟಿತೆಂಬ ಸುದ್ದಿ ಅವಳಿಗೆ ಬೇಕಿತ್ತು. ಒಳಗೆ ಹುಡುಕಿದಾಗ 'ಆರ್ಡರ್' ಬೇರೆ, 'ಆಫರ್' ಬೇರೆ ಎಂದು ಕಂಡಿತು. ಆಫರನ್ನು ಮಾತ್ರ ಆಫ್ ಮಾಡಿದಳು.

ಆದರೂ ಒಂದು ಬರುತ್ತಲೇ ಇತ್ತು, ಕೂದಲಿನ ಎಣ್ಣೆಯದು. ಅಂಥ ಆಪೇ ಫೋನಿನಲ್ಲಿರಲಿಲ್ಲ. ಒತ್ತಿ ಹಿಡಿದಾಗ ಬ್ರೌಸರಿನ ಹೆಸರು ಬಂತು. ಎಂದೋ ಚೀಲದ ಮಾದರಿ ನೋಡಲು ತೆರೆದ ಪುಟವೊಂದಕ್ಕೂ ಅವಳು ಅನುಮತಿ ಕೊಟ್ಟಿದ್ದಳು.

"ಒಳಗೆ ಬಾ ಅಂದಿದ್ದು ನಾನೇ. ಈಗ ಎದ್ದು ಹೋಗಪ್ಪಾ!" ಎಂದು ಅದಕ್ಕೆ ಗಟ್ಟಿಯಾಗಿ ಹೇಳಿ ಆಫ್ ಮಾಡಿದಳು. ಅಜ್ಜಿ ಒಳಗಿನಿಂದ ನಕ್ಕಿದ್ದು ಮಿಷನ್ನಿನ ಪಕ್ಕ ಕುಳಿತಿದ್ದ ನನಗೆ ಕೇಳಿಸಿತು.

ಭಾನುವಾರ ದೊಡ್ಡಮಾವ ಖಾಲಿ ಸೂಟ್‌ಕೇಸ್ ಹಿಡಿದು ಬಂದ. ಮಿಷನ್ನಿನ ಎದುರು ಕುಳಿತು, ತಂಗಿಗೆ ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದ: "ನಿನ್ನ ಮೇಲೆ ನನಗೆ ಕೋಪ ಇಲ್ಲ. ಆದರೆ ಇನ್ನೊಂದು ಸಲ ಬಿದ್ದರೆ ಏನು ಗತಿ?"

"ಇರು ಅಣ್ಣಾ, ಸುಮ್ಮನೆ ಕೂತು ನೋಡು" ಅಂದಳು ಅವಳು, ಸಮವಸ್ತ್ರದ ಅಂಗಿಗೆ ಜೇಬು ಹೊಲಿಯುತ್ತಾ.

ಅವನು ಚಹಾ ಕುಡಿದ, ಪೇಪರು ತಿರುವಿ ಹಾಕಿದ. ಫೋನು ಮಿಸುಕಲಿಲ್ಲ. ಕಡೆಗೊಮ್ಮೆ ನಡುಗಿತು. ಚಿಕ್ಕಮ್ಮ ಅದನ್ನು ತೆಗೆದು ನೋಡಲೂ ಇಲ್ಲ, ನೇರ ಎದ್ದು ಒಳಗೆ ನಡೆದಳು. ಅಜ್ಜಿ ದನಿಯೇ ಇಲ್ಲದೆ ಬರೀ ತುಟಿಯಲ್ಲಿ ಏನೋ ಕೇಳಿದಳು. ಚಿಕ್ಕಮ್ಮನ ಉತ್ತರ ಮುಂದಿನ ಕೋಣೆಗೆ ಸ್ಪಷ್ಟವಾಗಿ ಕೇಳಿಸಿತು.

"ಇಲ್ಲಮ್ಮಾ, ಇನ್ನೂ ಹೋಗಿಲ್ಲ! ಇಲ್ಲೇ ಕೂತಿದ್ದಾನೆ!"

ದೊಡ್ಡಮಾವ ಪೇಪರು ಕೆಳಗಿಟ್ಟ. ಒಂದು ಕ್ಷಣ ಮುಖ ಕೆಂಪಾಯಿತು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ಹೋಗ್ತೀನಿ ತಾಯಿ, ಊಟ ಆದ ಮೇಲೆ ಹೋಗ್ತೀನಿ" ಎಂದು ಒಳಗೆ ಹೋಗಿ ಅಮ್ಮನ ಕಾಲ ಬಳಿ ಕುಳಿತ. ಸಂಜೆ ಒಬ್ಬನೇ ಕಾರು ಹತ್ತಿದ.

ಈಗ ಕರೆ ಮುಟ್ಟುತ್ತದೆ ಎಂಬ ಧೈರ್ಯ ಅಜ್ಜಿಗೆ ಬಂದಿದೆ. ಕನ್ನಡಕ ಎಲ್ಲಿ ಎಂದು ಒತ್ತುತ್ತಾಳೆ, ಎದುರು ಮನೆಗೆ ಯಾರೋ ಬಂದರೆಂದು ಒತ್ತುತ್ತಾಳೆ.

"ಅಂಗಡಿಯವರೇ ವಾಸಿಯಾಗಿದ್ರು ಕಣಮ್ಮಾ!" ಎಂದು ಚಿಕ್ಕಮ್ಮ ನಿನ್ನೆ ಬಾಗಿಲಲ್ಲಿ ನಿಂತು ಗದರಿದಳು.

"ಹಾಗಾದರೆ ನನ್ನನ್ನೂ ಆಫ್ ಮಾಡಿಬಿಡು" ಅಂದಳು ಅಜ್ಜಿ, ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದ ಕಿಟಕಿಯನ್ನು ತೋರಿಸುತ್ತಾ.

ಚಿಕ್ಕಮ್ಮ ಪರದೆಯನ್ನು ಅರ್ಧ ಎಳೆದಳು. ಬೀದಿ ಕಾಣುವಷ್ಟು ಬಿಟ್ಟಳು.