ಬಿಫೋರ್ ಫೋಟೋಗೆ ಬೇಕಾದ ಮುಖ

ಹೋದ ತಿಂಗಳು ನನಗೊಂದು ಮಾಡೆಲಿಂಗ್ ಆಫರ್ ಬಂತು.

ನಗಬೇಡಿ. ವಯಸ್ಸು ಐವತ್ತೆರಡು, ಎರಡೂ ಕೆನ್ನೆಯ ಮೇಲೆ ಬಂಗು, ಕಣ್ಣಿನ ಕೆಳಗೆ ಚೀಲ (ಸಂತೆಗೆ ಒಯ್ಯುವಷ್ಟೇನೂ ದೊಡ್ಡದಲ್ಲ). ಆದರೂ ಬಂತು. ಫೋನ್ ಮಾಡಿದವಳು ಅಣ್ಣನ ಮಗಳು ಸಿಂಚನ. ಹಿರಿಯೂರಿನಲ್ಲಿದ್ದಾಳೆ. ಬಿ.ಎಸ್ಸಿ. ಮುಗಿಸಿ ಮನೆಯಲ್ಲೇ ಏನೋ ಬಿಸಿನೆಸ್ ಶುರು ಮಾಡುತ್ತಿದ್ದಾಳೆ ಅಂತ ಗೊತ್ತಿತ್ತು. ಮುಖಕ್ಕೆ ಹಚ್ಚುವ ಪುಡಿಯಂತೆ. ಪೂರ್ತಿ ನ್ಯಾಚುರಲ್ ಅಂತೆ. ದೇವಿಯ ಪ್ರಸಾದ ಬೇರೆ ಸೇರಿದೆಯಂತೆ. ಹೆಸರು ‘ದುರ್ಗ ಗ್ಲೋ’. ಪ್ಯಾಕೆಟ್ ಮೇಲೆ ಎರಡು ಫೋಟೋ ಬರುತ್ತವೆ, ಅದರಲ್ಲೊಂದು ನಿಮ್ಮದೇ ಆಗಬೇಕು ಅತ್ತೆ ಅಂದಳು.

ಅರ್ಧ ಗಂಟೆ ನನ್ನ ಕಾಲು ನೆಲದ ಮೇಲೆ ಇರಲಿಲ್ಲ. ಚಿತ್ರದುರ್ಗದ ನಮ್ಮ ಬೀದಿಯಲ್ಲಿ ಇಬ್ಬರಿಗೆ ಹೇಳಿಯೂ ಆಯಿತು. ಆಮೇಲೆ ಯಾಕೋ ಅನುಮಾನ ಬಂದು ವಾಪಸ್ ಫೋನ್ ಮಾಡಿ, ಇನ್ನೊಂದು ಫೋಟೋ ಯಾರದು ಅಂತ ಕೇಳಿದೆ.

“ಆಫ್ಟರ್‌ಗೆ ನಾನೇ ನಿಂತ್ಕಂತೀನಿ ಅತ್ತೆ. ನೀವು ಬಿಫೋರ್. ಇಬ್ರುದೂ ಮೂಗು ಒಂದೇ ಥರ ಐತಲ್ಲ, ಜನ ನಂಬ್ತಾರೆ.”

ಅಂದರೆ, ಈ ಪುಡಿ ಹಚ್ಚಿದರೆ ಐವತ್ತೆರಡರ ಹೆಂಗಸು ಇಪ್ಪತ್ಮೂರರ ಹುಡುಗಿಯಾಗುತ್ತಾಳೆ. ಮೂಗು ಮಾತ್ರ ಹಾಗೇ ಉಳಿಯುತ್ತದೆ. ಇಂಥ ಪವಾಡ ಮಾಡುವ ತಾಕತ್ತು ದೇವಿಗೂ ಇದೆಯೋ ಇಲ್ಲವೋ, ನಮ್ಮ ಸಿಂಚನಳ ಮೊಬೈಲಿಗಂತೂ ಇದೆ.

ಬೇಜಾರಾಯಿತೇ? ಆಯಿತು. ಯಾಕೆ ಸುಳ್ಳು ಹೇಳಲಿ? ಮೊನ್ನೆ ಮೊನ್ನೆ ತಾನೇ ಪಾರ್ಲರ್ ಹುಡುಗಿಯೊಬ್ಬಳು ನನ್ನ ಗಲ್ಲ ಹಿಡಿದು ಆ ಕಡೆ ಈ ಕಡೆ ತಿರುಗಿಸಿ, “ಮೇಡಂ, ನಿಮ್ ಸ್ಕಿನ್ ತುಂಬಾ ಟೈರ್ಡ್ ಆಗಿದೆ” ಅಂದಿದ್ದಳು. ಚರ್ಮಕ್ಕೆ ಯಾತರ ಸುಸ್ತು? ಬಟ್ಟೆ ಒಗೆದದ್ದು ನಾನು, ರೊಟ್ಟಿ ಬಡಿದದ್ದು ನಾನು, ಬಸ್ಸಿನಲ್ಲಿ ನಿಂತು ಬಂದದ್ದು ನಾನು. ಅದು ಸುಮ್ಮನೆ ಜೊತೆಗೆ ಬಂದಿದೆ ಅಷ್ಟೇ.

ಇರಲಿ. ಸಿಂಚನಳಿಗೆ ಸರಿ ಅಂದೆ. ಒಳಗೊಳಗೇ ಒಂದು ಪ್ಲ್ಯಾನ್ ಹಾಕಿದೆ.

ಫೋಟೋ ತೆಗೆಯುವುದು ಭಾನುವಾರ, ಧರ್ಮಪುರದ ಹತ್ತಿರದ ಹಳ್ಳಿಯಲ್ಲಿರುವ ನಮ್ಮ ದೊಡ್ಡಮ್ಮನ ಮನೆಯಲ್ಲಿ. ಯಾಕೆಂದರೆ ಪುಡಿಯ ಅಸಲಿ ಒಡತಿ ದೊಡ್ಡಮ್ಮ. ನಾನು ಎರಡು ದಿನ ಮೊದಲೇ ಹೋಗಿ ಆ ಪುಡಿಯನ್ನೇ ಬೆಳಿಗ್ಗೆ ಸಂಜೆ ಮೆತ್ತಿಕೊಂಡು, ಭಾನುವಾರದ ಹೊತ್ತಿಗೆ ಎಷ್ಟು ಹೊಳೆಯಬೇಕೆಂದರೆ ‘ಬಿಫೋರ್’ಗೆ ಬೇರೆ ಯಾರನ್ನಾದರೂ ಹುಡುಕಿಕೋ ಅನ್ನುವಂತಿರಬೇಕು. ಶುಕ್ರವಾರ ಮಧ್ಯಾಹ್ನವೇ ಹಿರಿಯೂರಿನಲ್ಲಿ ಧರ್ಮಪುರದ ಬಸ್ಸು ಹತ್ತಿದೆ. ಇನ್ನೊಂದು ಗುಟ್ಟು ಹೇಳುತ್ತೇನೆ. ಕನ್ನಡಕ ಹಾಕಿದರೆ ವಯಸ್ಸಾದ ಹಾಗೆ ಕಾಣುತ್ತದೆಂದು ಅದನ್ನು ಮನೆಯಲ್ಲೇ ಬಿಟ್ಟು ಹೋದೆ.

ನನ್ನ ಅಮ್ಮನ ಅಕ್ಕ ಈ ದೊಡ್ಡಮ್ಮ. ಎಂಬತ್ತು ದಾಟಿದೆ. ಮುಖದ ತುಂಬಾ ಸಿಡುಬಿನ ಕಲೆ, ಅದರ ಮೇಲೆ ಸುಕ್ಕು. ಎರಡರ ನಡುವೆ ಖಾಲಿ ಜಾಗ ಅಂತ ಇದ್ದರೆ ಅದು ಹಣೆಯ ಕುಂಕುಮದಷ್ಟೇ. ಆದರೆ ಆ ಮುಖ ಬೆಳಿಗ್ಗೆ ಹಳದಿಯಾಗಿ ಹೊರಗೆ ಬಂದರೆ ಬೀದಿಯವರು ನಿಂತು ಮಾತಾಡಿಸಿಕೊಂಡು ಹೋಗುತ್ತಾರೆ.

ಅವಳ ಪುಡಿಗೊಂದು ಪದ್ಧತಿಯಿದೆ. ಅರಿಶಿನದ ಕೊಂಬು, ಒಣಗಿಸಿದ ತಂಗಡಿ ಹೂವು, ಹೆಸರುಕಾಳು ಎಲ್ಲ ಕುಟ್ಟಿ ಜರಡಿ ಹಿಡಿದರೂ ತಾನು ಮುಟ್ಟುವುದಿಲ್ಲ. ಮೊದಲ ಹಿಡಿ ಅರಿಶಿನ ಮಂಗಳವಾರ ಊರಮ್ಮನ ಗುಡಿಗೆ ಹೋಗುತ್ತದೆ, ಪೂಜಾರಿ ಅದನ್ನು ದೇವಿಯ ಮುಖಕ್ಕೆ ಮೆತ್ತುತ್ತಾನೆ. ಶುಕ್ರವಾರ ಅಲಂಕಾರ ತೆಗೆದಾಗ ಉದುರಿದ್ದನ್ನು ತಂದು ಉಳಿದ ಪುಡಿಗೆ ಬೆರೆಸುತ್ತಾಳೆ. ದೇವಿ ಹಚ್ಚಿಕೊಂಡು ಬಿಟ್ಟದ್ದನ್ನು ತಾನು ಹಚ್ಚಿಕೊಳ್ಳುವುದು. ಹಚ್ಚುವಾಗ ಕನ್ನಡಿ ನೋಡುವುದಿಲ್ಲ, ಗುಡಿ ಇರುವ ದಿಕ್ಕಿಗೆ ತಿರುಗಿ ಏನೋ ಗುನುಗುತ್ತಾ ಕೆನ್ನೆ ಸವರುತ್ತಾಳೆ. (ನಾನೂ ಕ್ರೀಮ್ ಹಚ್ಚುವಾಗ ಗುನುಗುತ್ತೇನೆ. ಅದು ಡಬ್ಬಿಯ ಮೇಲಿನ ಬೆಲೆ ನೆನಪಾಗಿ.)

ಎರಡು ದಿನ ದೊಡ್ಡಮ್ಮನ ಜೊತೆ ಕೂತು ಹಚ್ಚಿಕೊಂಡೆ. ಕನ್ನಡಿಯಲ್ಲಿ ಹೆಚ್ಚೇನೂ ವ್ಯತ್ಯಾಸ ಕಾಣಲಿಲ್ಲ. ಕನ್ನಡಕವಿಲ್ಲದೆ ಕನ್ನಡಿಯೇ ಸರಿಯಾಗಿ ಕಾಣುತ್ತಿರಲಿಲ್ಲ, ಆ ಮಾತು ಬೇರೆ. ಭಾನುವಾರ ಬೆಳಿಗ್ಗೆ ತಡೆಯಲಾಗಲಿಲ್ಲ. ಅರಿಶಿನಕ್ಕೆ ಚಿಟಿಕೆ ಅಕ್ಕಿಹಿಟ್ಟು ಬೆರೆಸಿದರೆ ಹೊಳಪು ಜಾಸ್ತಿ ಅಂತ ಎಲ್ಲೋ ವಿಡಿಯೋ ನೋಡಿದ್ದೆ. ದೊಡ್ಡಮ್ಮ ಹಿತ್ತಲಲ್ಲಿ ಕುರಿಮರಿಗಳಿಗೆ ಸೊಪ್ಪು ಹಾಕುತ್ತಿದ್ದಳು. ನಾನು ದೇವರ ಗೂಡಿಗೆ ಕೈ ಹಾಕಿ ಅರಿಶಿನದ ಡಬ್ಬಿ ತೆಗೆದೆ. ಪಕ್ಕದಲ್ಲೇ ಇನ್ನೊಂದು ಡಬ್ಬಿ, ಅದರಲ್ಲಿ ಬೆಳ್ಳಗಿನ ಪುಡಿ. ಚಿಟಿಕೆ ಯಾಕೆ, ಎರಡು ಚಮಚ ಹಾಕಿ ನೀರು ಬಿಟ್ಟು ಕಲಸಿ, ಎಡಗೆನ್ನೆಯಿಂದ ಶುರು ಮಾಡಿದೆ.

ದೇವರ ಗೂಡಿನಲ್ಲಿ ಅಕ್ಕಿಹಿಟ್ಟು ಯಾರಾದರೂ ಇಡುತ್ತಾರೆಯೇ? ಅದು ಸುಣ್ಣ.

ಅರಿಶಿನಕ್ಕೆ ಸುಣ್ಣ ಬಿದ್ದರೆ ಏನಾಗುತ್ತದೆಂದು ನಿಮಗೆ ಗೊತ್ತಿದೆ. ಮದುಮಕ್ಕಳಿಗೆ, ಬಾಣಂತಿಯರಿಗೆ ದೃಷ್ಟಿ ತೆಗೆಯುವ ಆರತಿ ತಟ್ಟೆಯ ಕೆಂಪು ನೀರು ಅದೇ. ಅದೀಗ ನನ್ನ ಮುಖದ ಮೇಲೆ. ಉರಿ ಶುರುವಾಗಿ ನಾನು ಕೂಗಿಕೊಂಡಾಗ ದೊಡ್ಡಮ್ಮ ಸೊಪ್ಪು ಬಿಸಾಕಿ ಓಡಿ ಬಂದಳು. ನೋಡಿದಳು. ಬಚ್ಚಲಿಗೆ ಎಳೆದೊಯ್ದು ಚೊಂಬಿನ ಮೇಲೆ ಚೊಂಬು ನೀರು ಸುರಿದಳು. ನನ್ನ ಮುಖಕ್ಕೆ ಇನ್ನು ಹತ್ತು ವರ್ಷ ಯಾರ ದೃಷ್ಟಿಯೂ ತಾಗುವುದಿಲ್ಲ ಅಂತ ಸಮಾಧಾನವನ್ನೂ ಹೇಳಿದಳು. ಹೇಳುವಾಗ ಅವಳ ಭುಜ ಕುಣಿಯುತ್ತಿತ್ತು.

ಸಿಂಚನ ಬಂದದ್ದು ಆಗಲೇ. ಜಗಲಿಯ ಮೇಲೆ ಕೂತಿದ್ದ ನನ್ನನ್ನು ಎರಡು ನಿಮಿಷ ನೋಡಿದಳು. ಸೋತು ಹೋಗಿದ್ದೆ ನಾನು, ನಿಜ. ಆದರೆ ಅವಳ ಕಣ್ಣಲ್ಲಿ ಮರುಕ ಕಾಣಲಿಲ್ಲ, ಸಂತೋಷ ಕಂಡಿತು. ಇಷ್ಟು ಒಳ್ಳೆಯ ‘ಬಿಫೋರ್’ ಸಿಗುತ್ತದೆಂದು ಅವಳೂ ಅಂದುಕೊಂಡಿರಲಿಲ್ಲ.

ನನಗೆ ರೇಗಿತು. ನನ್ನದೂ ಬೇಡ ನಿನ್ನದೂ ಬೇಡ, ಪುಡಿ ಯಾರದೋ ಅವರ ಮುಖ ಹಾಕು, ದೊಡ್ಡಮ್ಮನನ್ನು ನಿಲ್ಲಿಸು ಅಂದೆ. ತಮಾಷೆಗೇ ಅಂದದ್ದು. ಸಿಂಚನ ಹತ್ತಿರ ಬಂದು ದನಿ ತಗ್ಗಿಸಿದಳು.

“ಅಜ್ಜಿ ಫೋಟೋ ಹಾಕಿದ್ರೆ ಯಾರು ತಗಂತಾರೆ ಅತ್ತೆ? ಇಷ್ಟು ವರ್ಷ ಹಚ್ಚಿದ್ರೂ ಅವರ ಕಲೆನೇ ಹೋಗಿಲ್ಲ ಅಂತಾರೆ.”

ಕೊಬ್ಬರಿ ಎಣ್ಣೆಯ ಬಟ್ಟಲು ಹಿಡಿದು ದೊಡ್ಡಮ್ಮ ಬಾಗಿಲಲ್ಲೇ ನಿಂತಿದ್ದಳು.

ಹಾಗೇ ಬಂದು ನನ್ನ ಪಕ್ಕ ಕೂತು, ಎಣ್ಣೆಯಲ್ಲಿ ಬೆರಳದ್ದಿ ನನ್ನ ಕೆನ್ನೆಗೆ ಸವರಲು ಶುರು ಮಾಡಿದಳು. ಸಿಂಚನ ತಲೆ ತಗ್ಗಿಸಿದ್ದಳು. ನನಗೂ ಎಲ್ಲಾದರೂ ಹೋಗಿ ಅಡಗಿಕೊಳ್ಳೋಣ ಅನ್ನಿಸಿತು. ಮಾತು ಎತ್ತಿದ್ದು ನಾನೇ ತಾನೇ? ಒಂದು ಕೆನ್ನೆ ಮುಗಿದ ಮೇಲೆ ದೊಡ್ಡಮ್ಮ ಮಾತಾಡಿದಳು.

“ಕಲೆ ಹೋಗ್ಲಿ ಅಂತ ಯಾವತ್ ಹಚ್ಕಂಡೀನೇ ನಾನು? ಅಮ್ಮ ಬಂದಾಗ ಒಂದೇ ಕಂಬಳಿ ಮ್ಯಾಲೆ ಇಬ್ರು ಮಲಗಿದ್ವಿ. ನಾನೂ, ನನ್ ತಂಗಿ ಕೆಂಚೀನೂ. ನಂಗೆ ಒಂಬತ್ತು, ಅವ್ಳಿಗೆ ಆರು. ಹೋಗಾಗ ಅಮ್ಮ ಅವ್ಳನ್ನ ಕರ್ಕಂಡು ಹೋದ್ಲು, ನನ್ ಬಿಟ್ಲು. ಬಿಟ್ಟಿದ್ದಕ್ಕೆ ದಿನಾ ಹಚ್ಕಂತೀನಿ. ಅಷ್ಟೇ ಕಣವ್ವ.”

ಸಿಡುಬಿಗೆ ಆ ಕಡೆ ಅಮ್ಮ ಅನ್ನುತ್ತಾರೆ. ಉಳಿದವರ ಮುಖದ ಕಲೆಗಳೆಂದರೆ ಅಮ್ಮ ಕೂತು ಎದ್ದುಹೋದ ಜಾಗ. ಇದೆಲ್ಲ ನನಗೆ ಗೊತ್ತಿತ್ತು. ಕೆಂಚಿ ಗೊತ್ತಿರಲಿಲ್ಲ. ನನ್ನ ಅಮ್ಮ ಆಗಿನ್ನೂ ತೊಟ್ಟಿಲಲ್ಲಿದ್ದಳಂತೆ, ಅವಳ ಬಾಯಲ್ಲೂ ಆ ಹೆಸರು ನಾನು ಕೇಳಿದವಳಲ್ಲ. ದಿನಾ ಬೆಳಿಗ್ಗೆ ಗುಡಿಯ ಕಡೆ ತಿರುಗಿ ಈ ಮುದುಕಿ ಗುನುಗುವುದು ಏನೆಂದು ನಾವ್ಯಾರೂ ಕೇಳಿರಲೂ ಇಲ್ಲ. ದುಃಖವಾಯಿತು ನನಗೆ. ನಾಚಿಕೆ ಅದಕ್ಕಿಂತ ಜಾಸ್ತಿ ಆಯಿತು.

ಸಿಂಚನ ಕಣ್ಣೊರೆಸಿಕೊಂಡು, ಅಜ್ಜಿ, ನಿಮ್ಮ ಫೋಟೋನೇ ಹಾಕ್ತೀನಿ ಅಂದಳು. ದೊಡ್ಡಮ್ಮ ಸುಲಭಕ್ಕೆ ಒಪ್ಪುವವಳೇ? ಎರಡು ಷರತ್ತು ಹಾಕಿದಳು. ಒಂದು, ಮುಖಕ್ಕೆ ಹಚ್ಚುವ ಮುಂಚೆ ಕೈ ಮುಗಿಯಬೇಕು ಅಂತ ಪ್ಯಾಕೆಟ್ ಮೇಲೆ ಇರಬೇಕು. ಎರಡು, ಇದರಿಂದ ಯಾವ ಕಲೆಯೂ ಹೋಗುವುದಿಲ್ಲ ಅಂತ ದಪ್ಪಕ್ಷರದಲ್ಲಿ ಹಾಕಿಸಬೇಕು, ಅಮ್ಮನ ಪ್ರಸಾದ ಸೇರಿದ ಮೇಲೆ ಸುಳ್ಳು ನಡೆಯಲ್ಲ. ಎರಡನೆಯದನ್ನು ಕೇಳಿ ನಮ್ಮ ಬಿಸಿನೆಸ್ ಹುಡುಗಿಯ ಮುಖ ನೋಡಬೇಕಿತ್ತು. ಒಂದೇ ಕ್ಷಣದಲ್ಲಿ ಐವತ್ತೆರಡಾಗಿತ್ತು.

ಕೊನೆಗೆ ಫೋಟೋ ಆಯಿತು. ಫಿಲ್ಟರ್ ಇಲ್ಲ, ಪೌಡರ್ ಇಲ್ಲ, ಬೆಳಗಿನ ಅರಿಶಿನ ಹಾಗೇ ಇತ್ತು. ಸಿಂಚನ ಮೊಬೈಲನ್ನು ಅಜ್ಜಿಯ ಕೈಗೆ ಕೊಟ್ಟು, ಎರಡು ಬೆರಳಿನಿಂದ ದೊಡ್ಡದು ಮಾಡುವುದನ್ನೂ ಹೇಳಿಕೊಟ್ಟಳು. ದೊಡ್ಡಮ್ಮ ಕಣ್ಣಿನ ಹತ್ತಿರ ದೊಡ್ಡದು ಮಾಡಿದಳು, ಬಾಯಿಯ ಹತ್ತಿರ ಮಾಡಿದಳು. ನಾವಾಗಿದ್ದರೆ ಆ ಹೊತ್ತಿಗೆ ಡಿಲೀಟ್ ಅಂತಿದ್ದೆವು. ಅವಳು ಬಹಳ ಹೊತ್ತು ನೋಡಿದಳು.

“ಕೆಂಚೀನೂ ಇಷ್ಟೊತ್ತಿಗೆ ಹಿಂಗೇ ಮುದುಕಿ ಆಗಿರ್ತಿದ್ಲು,” ಅಂದಳು.

ನಾನು ಸುಧಾರಿಸಿಬಿಟ್ಟೆ ಅಂದುಕೊಳ್ಳಬೇಡಿ. ಸುಣ್ಣದ ಕೆಂಪು ಇಳಿಯಲು ನಾಲ್ಕು ದಿನ ಬೇಕಾಯಿತು, ಐದನೇ ದಿನ ಕನ್ನಡಿಯ ಮುಂದೆ ನಿಂತು ಮತ್ತೆ ಬಂಗು ನೋಡಿಕೊಂಡೆ. ಸುಕ್ಕು ಹೋಗಿಸುವ ಕ್ರೀಮು ನಮ್ಮ ದುರ್ಗದ ಅಂಗಡಿಗಳಲ್ಲಿ ಬೇಕಾದಷ್ಟಿವೆ, ವಿಚಾರಿಸಿದ್ದೇನೆ.

ಆರನೇ ವಯಸ್ಸಿಗೇ ನಿಂತುಹೋದ ಆ ಹುಡುಗಿಯ ಕೆನ್ನೆಗೆ ಒಂದೇ ಒಂದು ಸುಕ್ಕು ಬರಿಸುವ ಕ್ರೀಮು ಯಾವ ಅಂಗಡಿಯಲ್ಲಿ ಸಿಗುತ್ತದೆ, ಹೇಳಿ?