ಸೈರನ್ ಆದಾಗ ಕೆಳಗಿಟ್ಟ ಕಾರ್ಡು

ಎಪ್ಪತ್ತನಾಲ್ಕರಲ್ಲಿ ನಾನು ರಾಜಾಜಿನಗರದ ಒಂದು ಎಲೆಕ್ಟ್ರಿಕ್ ಮೀಟರ್ ಕಾರ್ಖಾನೆಯಲ್ಲಿ ವೆಲ್ಫೇರ್ ಆಫೀಸರ್ ಆಗಿದ್ದೆ. ಕ್ಯಾಂಟೀನಿನ ಸಾಂಬಾರು ನೀರಾದರೆ, ಲೇಡೀಸ್ ರೆಸ್ಟ್ ರೂಮಿನ ಚಿಲಕ ಮುರಿದರೆ, ಯಾರದಾದರೂ ಬೆರಳಿಗೆ ಪೆಟ್ಟಾದರೆ, ಎಲ್ಲದಕ್ಕೂ ನನಗೇ ಕರೆ ಬರುತ್ತಿತ್ತು. ಇದರ ಜೊತೆಗೆ ಯಾರಿಗೂ ಬೇಡವಾಗಿದ್ದ ಇನ್ನೊಂದು ಕೆಲಸವೂ ನನ್ನ ಪಾಲಿಗೆ ಬಂದಿತ್ತು. ರಿಕ್ರಿಯೇಷನ್ ಕ್ಲಬ್ಬಿನ ವಾರ್ಷಿಕ ರಮ್ಮಿ ಟೂರ್ನಮೆಂಟಿಗೆ ನಾನೇ ಅಂಪೈರ್. ಕ್ಲಬ್ಬಿನ ಗಂಡಸರಲ್ಲಿ ಯಾರನ್ನು ಕೂರಿಸಿದರೂ ‘ಅವರು ನಮ್ಮ ಸೆಕ್ಷನ್ ಅಲ್ಲ’ ಎಂಬ ತಕರಾರು ಬರುತ್ತಿತ್ತು. ನಾನಂತೂ ಯಾವ ಸೆಕ್ಷನ್ನಿಗೂ ಸೇರಿದವಳಲ್ಲ. ಕಾನ್ವೆಂಟಿನಲ್ಲಿ ನಮಗೆ ಪಾಠ ಹೇಳಿದ ಸಿಸ್ಟರ್‌ಗಳಿಗೆ ಈ ವಿಷಯ ತಿಳಿದಿದ್ದರೆ ನನ್ನ ಆತ್ಮಕ್ಕಾಗಿ ಒಂದು ಸ್ಪೆಷಲ್ ಪ್ರೇಯರ್ ಇಡುತ್ತಿದ್ದರೋ ಏನೋ! ರಮ್ಮಿ ನನಗೆ ಕಲಿಸಿದ್ದು ನಮ್ಮಜ್ಜಿ, ಏಕಾದಶಿಯ ಉಪವಾಸದ ದಿನ ಹೊತ್ತು ಹೋಗಲೆಂದು.

ಪಣದ ಆಟವಲ್ಲ ಅದು. ಗೆದ್ದವರಿಗೆ ಒಂದು ಕಪ್ಪು, ಒಂದು ಥರ್ಮಾಸ್ ಫ್ಲಾಸ್ಕು, ಗೇಟಿನ ಹತ್ತಿರದ ಬೋರ್ಡಿನಲ್ಲಿ ಹೆಸರು. ಆದರೂ ಆಟದ ವಾರ ಬಂತೆಂದರೆ ಕ್ಯಾಂಟೀನಿನಲ್ಲಿ ಬೇರೆ ಮಾತೇ ಇರುತ್ತಿರಲಿಲ್ಲ.

ಆ ವರ್ಷದ ವಿಶೇಷವೆಂದರೆ ಮೊದಲ ಬಾರಿಗೆ ಹೆಂಗಸರೂ ಆಟಕ್ಕೆ ಕೂತಿದ್ದರು. ಕಾರ್ಖಾನೆಯ ಅರ್ಧಕ್ಕರ್ಧ ಕೆಲಸಗಾರರು ಹೆಂಗಸರೇ. ಆದರೆ ಕ್ಲಬ್ ಹಾಲಿನೊಳಗೆ ಅವರು ಕಾಲಿಡುತ್ತಿದ್ದದ್ದು ಆಯುಧಪೂಜೆಯ ದಿನ ಮಾತ್ರ, ಅದೂ ಪ್ರಸಾದದ ಚರ್ಪು ತೆಗೆದುಕೊಂಡು ಹೋಗುವುದಕ್ಕೆ. ಉಳಿದ ದಿನಗಳಲ್ಲಿ ಊಟದ ಬಿಡುವಿಗೆ ಸೈಕಲ್ ಶೆಡ್ಡಿನ ನೆರಳೇ ಅವರ ಕ್ಲಬ್ಬು. ನಾನು ಹಿಡಿದ ಹಟ ಬಿಡದೆ ಕೇಳಿ ಕೇಳಿ, ಕಮಿಟಿ ಕೊನೆಗೆ ಒಂದು ವರ್ಷದ ಟ್ರಯಲ್ ಎಂದು ಒಪ್ಪಿತ್ತು. ಕ್ಲಬ್ ಸೆಕ್ರೆಟರಿ ನಗುನಗುತ್ತಲೇ ಹೇಳಿದ್ದರು:

“ಬರ್ಲಿ ಮೇಡಂ, ಯಾರು ಬೇಡ ಅಂದ್ರು? ಆದ್ರೆ ಒಂದೇ ಒಂದು ಗಲಾಟೆ ಆಗ್ಲಿ, ಮತ್ತೆ ಆಯುಧಪೂಜೆಗೇ ಬರೋದು.”

ಹೀಗೆ ಆಡಿದವರಲ್ಲಿ ಫೈನಲ್ಲಿಗೆ ಬಂದವಳು ಪವರ್ ಪ್ರೆಸ್ ಸೆಕ್ಷನ್ನಿನ ಜಯಮ್ಮ. ಅತ್ತಿಗುಪ್ಪೆಯವಳು. ಆಗ ಅದು ಇನ್ನೂ ಹಳ್ಳಿಯೇ. ಗಟ್ಟಿ ದನಿ, ಇನ್ನೂ ಗಟ್ಟಿ ನಗು. ಎಡಗೈಯ ಉಂಗುರದ ಬೆರಳಿಗೆ ತುದಿಯ ಗೆಣ್ಣು ಇರಲಿಲ್ಲ.

ಆ ಬೆರಳಿನ ಕತೆ ಇಲ್ಲಿ ಹೇಳಲೇಬೇಕು. ಪವರ್ ಪ್ರೆಸ್ ಎಂದರೆ ತಗಡಿನ ಹಾಳೆಯನ್ನು ಒಂದೇ ಏಟಿಗೆ ಕತ್ತರಿಸುವ ಮಷೀನು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ದಿನ ಕರೆಂಟು ಹೋಗಿತ್ತು. ಸಿಕ್ಕಿಕೊಂಡಿದ್ದ ತಗಡನ್ನು ಸರಿಮಾಡಲು ಜಯಮ್ಮ ಮಷೀನಿನೊಳಗೆ ಕೈ ಹಾಕಿದ್ದಳು. ಅದೇ ಕ್ಷಣಕ್ಕೆ ಕರೆಂಟು ಬಂತು, ಪ್ರೆಸ್ ಕೆಳಗಿಳಿಯಿತು. ಆಮೇಲೆ ನಾವು ಒಂದು ಸೇಫ್ಟಿ ಡ್ರಿಲ್ ಜಾರಿಗೆ ತಂದೆವು. ಹೋದ ಕರೆಂಟು ಬಂದಾಗ ಮೇನ್ ಸ್ವಿಚ್ ಹಾಕುವ ಮೊದಲು ಒಂದು ಸಣ್ಣ ಸೈರನ್ ಕೂಗಬೇಕು. ಕೂಗಿದ ತಕ್ಷಣ ಎಲ್ಲರೂ ಕೈಯಲ್ಲಿರುವುದನ್ನು ಬಿಟ್ಟು ಎರಡೂ ಅಂಗೈ ಎತ್ತಿ ಸೂಪರ್‌ವೈಸರಿಗೆ ತೋರಿಸಬೇಕು. ಎಲ್ಲರ ಅಂಗೈ ಕಂಡ ಮೇಲೆಯೇ ಸ್ವಿಚ್ಚು. ಇದರ ಕ್ಲಾಸ್ ತೆಗೆದುಕೊಳ್ಳುತ್ತಿದ್ದವಳು ನಾನೇ. “ಯೋಚನೆ ಮಾಡ್ಬೇಡಿ. ಸೈರನ್ ಕೇಳಿದ್ರೆ ಕೈ ಮೊದಲು, ತಲೆ ಆಮೇಲೆ” ಎಂದು ತಿಂಗಳು ತಿಂಗಳೂ ಹೇಳಿ ಹೇಳಿ ಅದು ಅವರ ಮೈಗೇ ಹತ್ತಿಬಿಟ್ಟಿತ್ತು. ಆಮೇಲೆ ಆ ಸೆಕ್ಷನ್ನಿನಲ್ಲಿ ಒಂದು ಬೆರಳೂ ಹೋಗಲಿಲ್ಲ.

ಫೈನಲ್ ನಡೆದದ್ದು ಒಂದು ಶನಿವಾರ ಮಧ್ಯಾಹ್ನ. ಜಯಮ್ಮನ ಎದುರಾಳಿ ಸ್ಟೋರ್ಸಿನ ಕ್ಲರ್ಕ್ ಶಿವಲಿಂಗಯ್ಯ. ಹಿಂದಿನ ವರ್ಷಗಳ ಚಾಂಪಿಯನ್, ಬಾಯಿಯಲ್ಲೂ ಚಾಂಪಿಯನ್.

“ಫ್ಲಾಸ್ಕಲ್ಲಿ ಕಾಫಿ ತಂದ್ಕೊಡ್ತೀನಿ ಕಣಮ್ಮಾ ಜಯಮ್ಮ, ಬೇಜಾರ್ ಮಾಡ್ಕೋಬೇಡ” ಎಂದರು, ಕಾರ್ಡು ಕಲಸುತ್ತ.

“ಕಾಫಿ ನೀವೇ ಮಾಡ್ಕೊಂಡ್ ಬನ್ನಿ ಶಿವಲಿಂಗಣ್ಣ, ಫ್ಲಾಸ್ಕು ನಾನು ತರ್ತೀನಿ” ಎಂದಳು ಇವಳು. ಇಡೀ ಹಾಲ್ ಗೊಳ್ಳೆಂದಿತು.

ರಮ್ಮಿ ಬಲ್ಲವರಿಗೆ ಲೆಕ್ಕ ಹೇಳಬೇಕಿಲ್ಲ. ಉಳಿದವರಿಗಾಗಿ ಇಷ್ಟು: ಪ್ರತಿ ಆಟದಲ್ಲಿ ಸೋತವರಿಗೆ ಪಾಯಿಂಟು ಏರುತ್ತದೆ, ನೂರಾಒಂದು ಮುಟ್ಟಿದವರು ಔಟ್. ಕೈ ಚೆನ್ನಾಗಿಲ್ಲವೆನಿಸಿದರೆ ಆ ಆಟವನ್ನು ಬಿಟ್ಟುಕೊಡಬಹುದು. ಅದಕ್ಕೆ ಪ್ಯಾಕ್ ಎನ್ನುತ್ತಾರೆ. ನಡುವೆ ಪ್ಯಾಕ್ ಮಾಡಿದರೆ ನಲವತ್ತು ಪಾಯಿಂಟು. ಹಿಂದೆ ಕೆಲವರು ಕಾರ್ಡು ಕೆಳಗಿಟ್ಟು, ಎದುರಿನವರ ಮುಖ ಅರಳುವುದನ್ನು ನೋಡಿ, ‘ನಾನು ಸುಮ್ನೆ ಇಟ್ಟಿದ್ದು’ ಎಂದು ಮತ್ತೆ ಎತ್ತಿಕೊಳ್ಳುತ್ತಿದ್ದರು. ಅದನ್ನು ನಿಲ್ಲಿಸಲು ನಾನೇ ಒಂದು ನಿಯಮ ಟೈಪ್ ಮಾಡಿಸಿ ಗೋಡೆಗೆ ಅಂಟಿಸಿದ್ದೆ: ಬಾಯಲ್ಲಿ ಹೇಳಿದರೂ ಸರಿ, ಕಾರ್ಡುಗಳನ್ನು ಮೇಜಿನ ಮೇಲಿಟ್ಟು ಕೈಬಿಟ್ಟರೂ ಸರಿ, ಅದು ಪ್ಯಾಕ್.

ಕೊನೆಯ ಹೊತ್ತಿಗೆ ಜಯಮ್ಮನಿಗೆ ಅರವತ್ತೆಂಟು, ಶಿವಲಿಂಗಯ್ಯನವರಿಗೆ ಎಂಬತ್ತೈದು. ಯಾರು ಬೇಕಾದರೂ ಗೆಲ್ಲಬಹುದಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು. ಆ ಕಾಲದಲ್ಲಿ ಅದು ದಿನನಿತ್ಯದ ಮಾತು, ಕಿಟಕಿಯ ಬೆಳಕು ಸಾಕಾಗಿತ್ತು, ಆಟ ಮುಂದುವರಿಯಿತು. ಜಯಮ್ಮನ ಸರದಿ. ಯಾವ ಕಾರ್ಡು ಎಸೆಯಲಿ ಎಂದು ತುಟಿ ಕಚ್ಚಿಕೊಂಡು ಯೋಚಿಸುತ್ತಿದ್ದಳು. ಹಾಲಿನ ಪಕ್ಕದ ಪ್ರೆಸ್ ಶಾಪಿನಲ್ಲಿ ಸೆಕೆಂಡ್ ಶಿಫ್ಟ್ ನಡೆಯುತ್ತಿತ್ತು. ಕರೆಂಟು ಬಂತು. ಅಲ್ಲಿ ಸೈರನ್ ಕೂಗಿತು.

ಜಯಮ್ಮನ ಕಾರ್ಡುಗಳು ಮೇಜಿನ ಮೇಲೆ ಬಿದ್ದವು. ಎರಡೂ ಅಂಗೈ ಮೇಲೆದ್ದವು.

ಮೊದಲು ಬಾಯಿಬಿಟ್ಟವರು ಶಿವಲಿಂಗಯ್ಯ: “ಪ್ಯಾಕ್! ಮೇಡಂ, ಪ್ಯಾಕ್ ಆಯ್ತು!”

ಅರವತ್ತೆಂಟಕ್ಕೆ ನಲವತ್ತು ಸೇರಿದರೆ ನೂರೆಂಟು. ಕಪ್ಪು ಅವರದು.

“ಅಯ್ಯೋ, ಸೈರನ್ ಆಯ್ತಲ್ಲಾ...” ಎಂದಳು ಜಯಮ್ಮ. ಕೈ ಇನ್ನೂ ಮೇಲೇ ಇತ್ತು.

“ಸೈರನ್ ಪ್ರೆಸ್ ಶಾಪಿಗಮ್ಮಾ, ಇಸ್ಪೀಟಿಗಲ್ಲ. ಮೇಡಂ, ಗೋಡೆ ಮೇಲಿರೋ ರೂಲ್ ನೀವೇ ಬರ್ಸಿದ್ದು. ನಾಳೆಯಿಂದ ಸೋಲೋರೆಲ್ಲಾ ನೆಪಕ್ಕೆ ಸೈರನ್ ಕಾಯ್ತಾ ಕೂತ್ಕೋತಾರೆ.”

ಅವರ ಮಾತಿನಲ್ಲಿ ಅನ್ಯಾಯವೇನಿರಲಿಲ್ಲ. ನಿಯಮದ ಒಂದೊಂದು ಅಕ್ಷರವೂ ಅವರ ಕಡೆಗಿತ್ತು. ಹಿಂದಿನ ಬೆಂಚುಗಳಿಂದ ಕೂಗು ಶುರುವಾಯಿತು. ಅಸೆಂಬ್ಲಿ ಸೆಕ್ಷನ್ನಿನ ಹುಡುಗಿಯರು ಎದ್ದು ನಿಂತರು, ಸ್ಟೋರ್ಸಿನವರೂ ಎದ್ದರು. ಸೆಕ್ರೆಟರಿ ನನ್ನ ಕಿವಿಯ ಹತ್ತಿರ ಬಗ್ಗಿ, “ನಾನು ಹೇಳಿರ್ಲಿಲ್ವಾ ಮೇಡಂ?” ಎಂದರು.

ಜಯಮ್ಮನಿಗೂ ಅದು ಕೇಳಿಸಿತು. ಮುಖದ ನಗು ಇಳಿಯಿತು. ಮೆಲ್ಲಗೆ ನನಗೊಬ್ಬಳಿಗೇ ಕೇಳುವಂತೆ ಅಂದಳು: “ಪ್ಯಾಕ್ ಅಂತ ಬರ್ಕೊಂಬಿಡಿ ಮೇಡಂ. ಕಪ್ ಹೋದ್ರೆ ಹೋಗ್ಲಿ. ಗಲಾಟೆ ಆದ್ರೆ ನಾವೆಲ್ಲಾ ಮತ್ತೆ ಸೈಕಲ್ ಶೆಡ್ಡಿಗೇ.”

ಟೆಂಪ್ಟೇಷನ್ ನನಗೂ ಇತ್ತು ಎನ್ನಲೇಬೇಕು. ಅವಳು ಒಪ್ಪಿಕೊಂಡರೆ ಎಲ್ಲರೂ ಚಪ್ಪಾಳೆ ತಟ್ಟಿ ಮನೆಗೆ ಹೋಗುತ್ತಿದ್ದರು, ಹಾಲಿನ ಬಾಗಿಲೂ ತೆರೆದಿರುತ್ತಿತ್ತು. ಹೆಂಗಸು ಹೆಂಗಸಿನ ಕಡೆಗೇ ತೀರ್ಪು ಕೊಟ್ಟಳೆಂಬ ಮಾತು ನನಗೂ ತಪ್ಪುತ್ತಿತ್ತು. ಆದರೆ ಆ ಎತ್ತಿದ ಅಂಗೈಗಳನ್ನು, ಆ ಮೋಟು ಬೆರಳನ್ನು ನೋಡುತ್ತ ನನಗೆ ಇನ್ನೊಂದು ಯೋಚನೆ ಬಂತು. ಇವತ್ತು ಇದಕ್ಕೆ ನಲವತ್ತು ಪಾಯಿಂಟಿನ ದಂಡ ಹಾಕಿದರೆ ಸೋಮವಾರ ಏನಾಗುತ್ತದೆ? ಸೈರನ್ ಕೂಗುತ್ತದೆ, ಪ್ರೆಸ್ ಮುಂದೆ ನಿಂತವರಲ್ಲಿ ಒಬ್ಬರಾದರೂ ‘ಇದು ನನಗೋ ಅಲ್ಲವೋ’ ಎಂದು ಕಣ್ಣು ಮಿಟುಕಿಸುವಷ್ಟು ಹೊತ್ತು ತಡೆಯುತ್ತಾರೆ. ಪ್ರೆಸ್ಸಿಗೆ ಅಷ್ಟು ಹೊತ್ತು ಸಾಕು.

“ಶಿವಲಿಂಗಯ್ಯನವರೇ, ಸೈರನ್ ಆದಾಗ ಕೈಯಲ್ಲಿದ್ದದ್ದನ್ನ ಬಿಟ್ಟವರು ಜಯಮ್ಮ ಒಬ್ಬರೇನಾ?” ಎಂದೆ. “ಒಂದ್ಸಲ ಹಿಂದೆ ತಿರುಗಿ ನೋಡಿ.”

ಅವರು ತಿರುಗಿದರು. ಆಟ ನೋಡಲು ಬಂದಿದ್ದ ಪ್ರೆಸ್ ಸೆಕ್ಷನ್ನಿನವರ ಕಾಲ ಬಳಿ ನೆಲದ ತುಂಬ ಕಡಲೆಕಾಯಿ ಚೆಲ್ಲಿತ್ತು. ಟೀ ಲೋಟಗಳು ಕೆಳಗಿದ್ದವು, ಒಂದೆರಡು ಉರುಳಿದ್ದವು. ದಪ್ಪ ಮೀಸೆಯ ಒಬ್ಬ ಆಪರೇಟರಂತೂ ಇನ್ನೂ ಅಂಗೈ ತೋರಿಸಿಕೊಂಡೇ ಕೂತಿದ್ದ. ಹಾಲಿಗೆ ಹಾಲೇ ನಕ್ಕಿತು. ಅವನು ನಾಚಿ ಕೈ ಇಳಿಸಿದ.

“ನೋಡಿ, ಪ್ಯಾಕ್ ಅನ್ನೋದು ಆಟಗಾರರ ತೀರ್ಮಾನ” ಎಂದೆ. “ಇದು ತೀರ್ಮಾನ ಅಲ್ಲ, ನಾವೇ ಕಲಿಸಿದ ಡ್ರಿಲ್. ಇಲ್ಲಿ ಅದಕ್ಕೆ ದಂಡ ಹಾಕಿ, ಅಲ್ಲಿ ಅದನ್ನೇ ಮಾಡಿ ಅಂತ ಹೇಳೋಕೆ ನನ್ನಿಂದ ಆಗಲ್ಲ. ಅವರ ಕಾರ್ಡು ಇನ್ನೂ ಆಟದಲ್ಲಿವೆ. ಆಟ ಮುಂದುವರಿಯಲಿ.”

ಯಾರೋ ‘ಕಾರ್ಡು ಮತ್ತೆ ಹಂಚಿ’ ಎಂದರು. ನಾನು ಒಪ್ಪಲಿಲ್ಲ. ಯಾವ ತಪ್ಪೂ ಮಾಡದ ಶಿವಲಿಂಗಯ್ಯನವರ ಕೈಗೆ ಬಂದಿದ್ದ ಕಾರ್ಡುಗಳನ್ನು ಯಾಕೆ ಕಿತ್ತುಕೊಳ್ಳಬೇಕು? ಆದರೆ ಒಂದು ತೊಡಕಿತ್ತು. ಬೀಳುವಾಗ ಜಯಮ್ಮನ ಎರಡು ಕಾರ್ಡು ಮುಖ ಮೇಲಾಗಿ ಮಗುಚಿಕೊಂಡಿದ್ದವು, ಸ್ಪೇಡ್ ಎಂಟು ಮತ್ತು ಒಂಬತ್ತು. ಅವನ್ನು ಶಿವಲಿಂಗಯ್ಯ ನೋಡಿಬಿಟ್ಟಿದ್ದರು. ಕಂಡದ್ದನ್ನು ಕಾಣಲಿಲ್ಲವೆನ್ನಿಸುವ ಪವರ್ ಯಾವ ಅಂಪೈರಿಗೂ ಇಲ್ಲ. ಅದನ್ನೂ ಜೋರಾಗಿಯೇ ಹೇಳಿದೆ.

“ನೋಡ್ಕೊಳ್ಳಿ ಬಿಡಿ” ಎಂದು ಜಯಮ್ಮ ಕಾರ್ಡು ಎತ್ತಿಕೊಂಡಳು. ದನಿ ಮತ್ತೆ ಗಟ್ಟಿಯಾಗಿತ್ತು. “ನೋಡಿದ್ರೂ ಗೆಲ್ಲೋಕೆ ಆಟ ಬರ್ಬೇಕಲ್ಲ.”

ಶಿವಲಿಂಗಯ್ಯ ಸೆಕ್ರೆಟರಿಯ ಮುಖ ನೋಡಿದರು. ಸೆಕ್ರೆಟರಿ ನೆಲದ ಮೇಲಿನ ಕಡಲೆಕಾಯಿ ನೋಡುತ್ತಿದ್ದರು. “ಆಡ್ರಯ್ಯ, ಅಂಪೈರ್ ಹೇಳಿದ್ಮೇಲೆ ಮುಗೀತು” ಎಂದು ಹೋಗಿ ತಮ್ಮ ಕುರ್ಚಿಯಲ್ಲಿ ಕೂತರು.

ಶಿವಲಿಂಗಯ್ಯನವರಿಗೆ ಆಟ ಚೆನ್ನಾಗಿಯೇ ಬರುತ್ತಿತ್ತು. ರಮ್ಮಿಯಲ್ಲಿ ಜೋಕರ್ ಇಲ್ಲದ ಒಂದು ಸೀಕ್ವೆನ್ಸ್, ಅಂದರೆ ಒಂದೇ ಜಾತಿಯ ಸಾಲಾದ ಮೂರು ಕಾರ್ಡು, ಕಡ್ಡಾಯ. ಅದಿಲ್ಲದಿದ್ದರೆ ಕೈಯಲ್ಲಿರುವುದೆಲ್ಲ ಪಾಯಿಂಟೇ. ಸ್ಪೇಡ್ ಏಳು ಆಗಲೇ ಹೋಗಿದ್ದರಿಂದ ಜಯಮ್ಮ ಆ ಸೀಕ್ವೆನ್ಸಿಗಾಗಿ ಕಾಯುತ್ತಿದ್ದದ್ದು ಸ್ಪೇಡ್ ಹತ್ತಕ್ಕೆ. ಅದು ಶಿವಲಿಂಗಯ್ಯನವರ ಕೈಯಲ್ಲಿತ್ತು. ಅವರು ಅದನ್ನು ಕೊನೆಯವರೆಗೂ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ತಮ್ಮ ಕಾರ್ಡುಗಳನ್ನೆಲ್ಲ ಜೋಡಿಸಿ ಶೋ ಮಾಡಿದರು. ಜಯಮ್ಮನ ಪಾಯಿಂಟು ನೂರಾಒಂದು ದಾಟಿತು.

ಅವಳು ಸೋತಳು. ಆದರೆ ಆಡಿ ಸೋತಳು. ಎದ್ದು ನಿಂತು ಶಿವಲಿಂಗಯ್ಯನವರಿಗೆ ಕೈಮುಗಿದು, “ಕಾಫಿ ಮರೀಬೇಡಿ” ಎಂದಳು. ಸೋಮವಾರ ಊಟದ ಬಿಡುವಿನಲ್ಲಿ ಅವರು ನಿಜವಾಗಿಯೂ ಆ ಹೊಸ ಫ್ಲಾಸ್ಕಿನಲ್ಲಿ ಕಾಫಿ ತಂದರು. ಕುಡಿದದ್ದು ಕ್ಲಬ್ ಹಾಲಿನಲ್ಲಿ. ಹೆಂಗಸರ ಟ್ರಯಲ್ಲಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಮಾರನೆಯ ವರ್ಷ ನಿಯಮಕ್ಕೆ ಒಂದು ಸಾಲು ಸೇರಿತು: ಸೈರನ್ ಆದರೆ ಇಬ್ಬರೂ ಆಟಗಾರರು ಕಾರ್ಡು ಕವುಚಿಟ್ಟು ಅಂಗೈ ತೋರಿಸತಕ್ಕದ್ದು, ಆಮೇಲೆ ಆಟ. ಅದನ್ನು ಸೂಚಿಸಿದವರು ಶಿವಲಿಂಗಯ್ಯನವರೇ. ಕಾರ್ಡು ಮಗುಚಿದ್ದರಿಂದ ಗೆದ್ದ ಕಪ್ಪು ಅವರಿಗೂ ಅಷ್ಟು ರುಚಿಸಿರಲಿಲ್ಲವೆಂದು ಕಾಣುತ್ತದೆ.

ಆ ಕಾರ್ಖಾನೆ ಈಗಿಲ್ಲ. ಆ ದಾರಿಯಲ್ಲಿ ಆಟೋದಲ್ಲಿ ಹೋಗುವಾಗ ಈಗಲೂ ಕತ್ತು ಹೊರಳಿಸಿ ನೋಡುತ್ತೇನೆ, ಗೇಟು ಎಲ್ಲಿತ್ತೆಂದು ಗುರುತೇ ಹತ್ತುವುದಿಲ್ಲ. ಆದರೆ ಆ ಶನಿವಾರ ಕಲಿತದ್ದು ಸರ್ವಿಸಿನುದ್ದಕ್ಕೂ ನನ್ನ ಜೊತೆಗಿತ್ತು. ಯಾರಾದರೂ ನಿಯಮ ಮುರಿದರೆಂದು ನನ್ನ ಮುಂದೆ ಬಂದಾಗಲೆಲ್ಲ, ಅವರು ಪಾಲಿಸುತ್ತಿದ್ದದ್ದು ನಾವೇ ಕೊಟ್ಟ ಇನ್ಯಾವುದೋ ನಿಯಮವನ್ನಲ್ಲವೇ ಎಂದು ಮೊದಲು ವಿಚಾರಿಸುತ್ತಿದ್ದೆ. ಎಷ್ಟೋ ಸಲ ಹಾಗೇ ಇರುತ್ತಿತ್ತು.

ಮಾರನೆಯ ವರ್ಷದ ಫೈನಲ್ಲಿಗೂ ಅದೇ ಇಬ್ಬರು ಬಂದರು. ನಡುವೆ ಸೈರನ್ ಕೂಗಿತು. ಶಿವಲಿಂಗಯ್ಯ ಕಾರ್ಡು ಕವುಚಿಟ್ಟು, ಶಾಲೆಯ ಮಕ್ಕಳಂತೆ ಅಂಗೈ ಎತ್ತಿ, “ಎಣಿಸ್ಕೊಳ್ಳಿ ಮೇಡಂ, ಹತ್ತೂ ಇದಾವೆ” ಎಂದರು.

“ನಂದು ಒಂಬತ್ತೂವರೆ ಶಿವಲಿಂಗಣ್ಣ” ಎಂದಳು ಜಯಮ್ಮ, ತನ್ನವನ್ನೂ ಎತ್ತಿ. “ನಿಮ್ಮನ್ನ ಸೋಲಿಸೋಕೆ ಅಷ್ಟು ಸಾಕು.”

ಸಾಕಾಯಿತು ಕೂಡ.