ಇಮ್ಮಡಿ ವೇಗದ ಗಂಡ

ನಾನು ಪಾಠಗಳನ್ನು ಇಮ್ಮಡಿ ವೇಗದಲ್ಲಿ ಕೇಳುವವಳು. ಮಡಿಕೇರಿಯ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಕೆಲಸ; ಜಿಎಸ್‌ಟಿಯ ಒಂದು ನಿಯಮವನ್ನು ಕಲಿತು ಎಸ್ಟೇಟಿನವರಿಗೆ ವಿವರಿಸುವಷ್ಟರಲ್ಲಿ ಅದು ಬದಲಾಗಿರುತ್ತದೆ. ಹಾಗಾಗಿ ಅಕ್ಕಿ ತೊಳೆಯುವಾಗ ಒಂದು ಆನ್‌ಲೈನ್ ಪಾಠ, ಬಟ್ಟೆ ಮಡಚುವಾಗ ಇನ್ನೊಂದು. ಫೋನಿನೊಳಗೆ ಮೇಷ್ಟ್ರು ಗುಬ್ಬಿಯಂತೆ ಚಿಲಿಪಿಲಿಗುಟ್ಟುತ್ತಾರೆ, ನಾನು ತಲೆದೂಗುತ್ತೇನೆ. ಕಲಿಕೆಗೆ ಕೊನೆಯಿಲ್ಲ ಎಂಬುದನ್ನು ಎಲ್ಲರೂ ಆಶೀರ್ವಾದವೆಂದೇ ನಂಬಿದ್ದಾರೆ. ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದು ಬೆಳೆದ ನನಗೆ ಅದು ಶಾಪವೂ ಇರಬಹುದೆಂಬ ಗುಮಾನಿ.

ಮನೆಯ ಮಾತನ್ನೂ ಅದೇ ವೇಗದಲ್ಲಿ ಕೇಳುವ ಅಭ್ಯಾಸ ಯಾವಾಗ ಅಂಟಿತೋ ತಿಳಿಯದು. ಗಂಡ ಸೋಮು ಪೊನ್ನಂಪೇಟೆಯಲ್ಲಿ ಸರ್ಕಾರಿ ನೌಕರ, ಶನಿವಾರ ಬಂದು ಸೋಮವಾರ ಹೊರಡುವವನು. ಕುಶಾಲನಗರದ ಕಡೆಯ ಒಕ್ಕಲು ಮನೆಯ ಮಗ. ಎರಡು ವಾಕ್ಯಗಳ ನಡುವೆ ಒಂದು ಗದ್ದೆಯಷ್ಟು ಜಾಗ ಬಿಟ್ಟು ಮಾತಾಡುತ್ತಾನೆ. ಅವನ ವಾಯ್ಸ್ ಮೆಸೇಜಿಗೆ ಇಮ್ಮಡಿ ವೇಗ ಹೇಳಿ ಮಾಡಿಸಿದಂತಿತ್ತು.

ಬುಧವಾರ ಸಂಜೆ ಒಂದು ಬಂತು. "ಬಡ್ತಿ ಕೊಡ್ತಾರಂತೆ ಕಣೇ. ಬೀದರ್‌ಗೆ. ನಾಳೆ ಸಂಜೆ ಒಳಗೆ ಹೇಳ್ಬೇಕು. ಹೋಗ್ಲಾ?" ಪಾಠದ ನಡುವೆಯೇ ಕೇಳಿ, ಹೆಬ್ಬೆರಳೆತ್ತಿದ ಚಿತ್ರ ಕಳಿಸಿದೆ. ಬಡ್ತಿಯ ಪರವಾಗಿ ಅಂಶಗಳು ಸಾಲುಗಟ್ಟಿ ನಿಂತಿದ್ದವು.

ಮರುದಿನ ಊಟದ ಹೊತ್ತಿಗೆ ಕಚೇರಿಯ ಹಿರಿಯ ಸಹೋದ್ಯೋಗಿ ಗಂಗಕ್ಕನಿಗೆ ಸಂಭ್ರಮದಿಂದ ಅದನ್ನು ಕೇಳಿಸಿದೆ. ಅವರು ಬುತ್ತಿ ಕೆಳಗಿಟ್ಟರು. "ಏನಮ್ಮಾ ಇದು, ನಿನ್ ಗಂಡನ್ನ ಆನೆ ಅಟ್ಟಿಸ್ಕೊಂಡು ಬಂದಿತ್ತಾ? ಸರಿಯಾಗಿ ಹಾಕು."

ಸರಿಯಾಗಿ ಹಾಕಿದೆ. "ಬೀದರ್‌ಗೆ" ಎಂದ ಮೇಲೆ ಉದ್ದನೆಯ ಮೌನ. "ಹೋಗ್ಲಾ" ಎನ್ನುವ ಮೊದಲು ಉಗುಳು ನುಂಗಿದ ಸದ್ದು. ಹೋಗಲು ಮನಸ್ಸಿದ್ದವನು ಹಾಗೆ ಕೇಳುವುದಿಲ್ಲ. ಗಂಗಕ್ಕ ನನ್ನ ಫೋನನ್ನು ನನ್ನತ್ತ ತಳ್ಳಿದರು. ಸೋಮುವಿಗೆ ಕರೆ ಮಾಡಿದೆ.

"ಒಪ್ಪಿಗೆ ಕೊಟ್ಬಿಟ್ಯಾ?"

"ಬರೀತಾ ಇದ್ದೆ. ನೀನೇ ಹೂಂ ಅಂದ್ಯಲ್ಲ."

"ಬೇಡ."

"ಕಾರಣ?"

ಸಂಬಳ, ಹುದ್ದೆ, ಭವಿಷ್ಯ, ಎಲ್ಲವೂ ಎದುರು ತಂಡದಲ್ಲಿದ್ದವು. ನನ್ನ ಕಡೆ ಒಂದೂ ಇರಲಿಲ್ಲ. "ಗೊತ್ತಿಲ್ಲ ಕಣೋ. ಬೇಡ, ಅಷ್ಟೇ."

ಅವನು ನಕ್ಕ. "ಥೂ, ಇಷ್ಟು ಕೆಟ್ಟ ವಾದ ನಿನ್ ಬಾಯಲ್ಲಿ ಕೇಳೇ ಇರ್ಲಿಲ್ಲ. ಸರಿ, ಬೇಡ ಅಂತ್ಲೇ ಬರೀತೀನಿ."

ಬಡ್ತಿ ಬಿಟ್ಟದ್ದು ಜಾಣತನವೆಂದು ನಾನು ವಾದಿಸಲಾರೆ. ಶನಿವಾರ ಬಂದವನು ತನ್ನ ಕಚೇರಿಯ ಸೋರುವ ಮಾಡಿನ ಕಥೆಯನ್ನು ಸಂಜೆಯಿಡೀ ಹೇಳಿದ. ಪೂರ್ತಿ ಕೇಳಿದೆ. ಅವನ ಮಾತಿನಲ್ಲಿ ಮುಕ್ಕಾಲು ಪಾಲು ಬಿಡಬಹುದಾದದ್ದೇ ಎಂಬ ನನ್ನ ನಿಲುವು ಬದಲಾಗಿಲ್ಲ. ತೊಡಕು ಒಂದೇ: ಯಾವ ಮುಕ್ಕಾಲು ಎಂಬುದು ಕೇಳಿ ಮುಗಿಯುವತನಕ ತಿಳಿಯುವುದಿಲ್ಲ.